ಕೊನೆಯಲ್ಲಿ ಓಡುವವಳ ರಿವ್ಯೂ: ನಾಲೆ ಏರಿ ಮೇಲೆ 21 ಕಿಲೋಮೀಟರ್

ಮೊದಲೇ ಹೇಳಿಬಿಡುತ್ತೇನೆ, ನಾನು ಜೋರಾಗಿ ಓಡುವವಳಲ್ಲ. ಹಾಫ್ ಮ್ಯಾರಥಾನ್, ಅಂದರೆ 21 ಕಿಲೋಮೀಟರ್ ಓಟ, ನನಗೆ ಎರಡೂ ಮುಕ್ಕಾಲು ಗಂಟೆಯ ಕೆಲಸ. ವಯಸ್ಸು 48. ಓಟ ಶುರು ಮಾಡಿದ್ದು 42ಕ್ಕೆ, ಅದೂ ಡಾಕ್ಟರು "ಶುಗರ್ ಬಾರ್ಡರ್‌ನಲ್ಲಿದೆ, ದಿನಾ ವಾಕಿಂಗ್ ಹೋಗಿ" ಅಂದ ಮೇಲೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಿದ್ದೆ, ಒಂದು ದಿನ ಮಳೆ ಬಂತು ಅಂತ ಓಡಿದೆ, ಆಮೇಲೆ ಅದೇ ಅಭ್ಯಾಸವಾಯಿತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಕಡೆ ಓಟಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಒಂದೂವರೆ, ಒಂದು ಮುಕ್ಕಾಲು ಗಂಟೆಗೆ ಮುಗಿಸುವವರು. ಅವರು ಬಂದಾಗ ನೀರು ಇರುತ್ತದೆ, ಬಾಳೆಹಣ್ಣು ಇರುತ್ತದೆ, ಚಪ್ಪಾಳೆ ಇರುತ್ತದೆ, ಬಿಸಿಲು ಮಾತ್ರ ಇರುವುದಿಲ್ಲ. "ವ್ಯವಸ್ಥೆ ಸೂಪರ್" ಅಂತ ಬರೆದು ಐದು ಸ್ಟಾರ್ ಕೊಟ್ಟು ಹೋಗಿ ಮಲಗುತ್ತಾರೆ. ಒಂದು ಗಂಟೆ ತಡವಾಗಿ ಬರುವವರಿಗೆ ಅದೇ ಓಟ ಬೇರೆಯೇ ಓಟ. ದುಡ್ಡು ಮಾತ್ರ ಇಬ್ಬರಿಗೂ ಒಂದೇ. ಹಾಗಾಗಿ ಇದು ಹಿಂದಿನ ಸಾಲಿನಿಂದ ಬರೆದ ರಿವ್ಯೂ ಅಂತ ಓದಿಕೊಳ್ಳಿ.

ಓಟ ನಡೆದಿದ್ದು ಫೆಬ್ರವರಿಯಲ್ಲಿ, ಮಂಡ್ಯ ಕಡೆಯ ಒಂದು ಸಣ್ಣ ಊರಿನಲ್ಲಿ. ಹೆಸರು ಹಾಕುತ್ತಿಲ್ಲ. ನಡೆಸುವವರು ಆ ಊರಿನ ಹುಡುಗರೇ, ಇದು ಮೂರನೇ ವರ್ಷ ಅಷ್ಟೇ. ಹೆಸರು ಹಾಕಿ ಬೈದರೆ ಬೇಜಾರಾಗಿ ನಿಲ್ಲಿಸಿಬಿಟ್ಟಾರು ಅನ್ನುವ ಭಯ ನನಗೆ. ಶುಲ್ಕ 850 ರೂಪಾಯಿ. ಅದಕ್ಕೆ ಟೀ ಶರ್ಟ್, ಮೆಡಲ್, ತಿಂಡಿ, ಟೈಮಿಂಗ್ ಸರ್ಟಿಫಿಕೇಟ್. ದೊಡ್ಡ ಊರಿನ ಓಟಗಳಿಗೆ ಹೋಲಿಸಿದರೆ ಕಡಿಮೆಯೇ. ಕೆರೆ ಸುತ್ತ ಒಟ್ಟಿಗೆ ಓಡುವ ನಾವು ಐದು ಜನ ಹೋಗಿದ್ದೆವು. ಅದರಲ್ಲಿ ಒಬ್ಬರು ರಿಟೈರ್ಡ್ ಬಸ್ ಕಂಡಕ್ಟರ್, 63 ವರ್ಷ, ನನಗಿಂತ ಹಿಂದೆ ಓಡುವ ಏಕೈಕ ವ್ಯಕ್ತಿ. ಅವರನ್ನು ಕಂಡರೆ ನನಗೆ ವಿಶೇಷ ಪ್ರೀತಿ, ಕಾರಣ ಗೊತ್ತಾಯಿತಲ್ಲ.

ಬಿಬ್, ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ, ತೆಗೆದುಕೊಳ್ಳಲು ಹಿಂದಿನ ದಿನವೇ ಬರಬೇಕು ಅಂದರು. ಓಟದ ದಿನ ಕೊಡುವುದಿಲ್ಲವಂತೆ. ಮೈಸೂರಿನಿಂದ ಒಂದು ಬಿಬ್‌ಗೋಸ್ಕರ ಶನಿವಾರ ಹೋಗಿ ಬರುವುದು, ಮತ್ತೆ ಭಾನುವಾರ ಮೂರೂವರೆಗೆ ಎದ್ದು ಹೋಗುವುದು. ಪೆಟ್ರೋಲ್ ಲೆಕ್ಕ ಹಾಕಿದರೆ 850 ಎಲ್ಲೋ ಹೋಯಿತು. ಕೊನೆಗೆ ಒಬ್ಬರೇ ಹೋಗಿ ಐದು ಜನರದ್ದೂ ತಂದರು. ಟೀ ಶರ್ಟ್ ಎಂ ಸೈಜ್ ಅಂತ ಹಾಕಿದ್ದೆ, ಬಂದಿದ್ದು ಗಂಡಸರ ಎಂ. ಭುಜ ಮೊಣಕೈವರೆಗೆ ಇಳಿದಿತ್ತು. ಈಗ ನನ್ನ ಮಗ ಹಾಕುತ್ತಾನೆ.

ಓಟ ಆರು ಗಂಟೆಗೆ ಅಂತ ಇತ್ತು. ಐದೂವರೆಗೆ ಹೈಸ್ಕೂಲ್ ಮೈದಾನದಲ್ಲಿ ನಾವೆಲ್ಲ ಹಾಜರ್. ಸ್ಪೀಕರ್‌ನಲ್ಲಿ ಝುಂಬಾ. ನನಗೆ ಝುಂಬಾ ಬಗ್ಗೆ ದ್ವೇಷವೇನಿಲ್ಲ, ಆದರೆ 21 ಕಿ.ಮೀ. ಓಡುವವಳು ಕತ್ತಲಲ್ಲಿ ಹದಿನೈದು ನಿಮಿಷ ಕುಣಿದು ಸುಸ್ತಾಗುವುದರಲ್ಲಿ ಅರ್ಥವಿಲ್ಲ. ಹೆಂಗಸರಿಗೆ ಇದ್ದಿದ್ದು ಎರಡೇ ತಾತ್ಕಾಲಿಕ ಟಾಯ್ಲೆಟ್, ಒಂದಕ್ಕೆ ಚಿಲಕ ಇಲ್ಲ. ಪಕ್ಕದಲ್ಲೇ ಶಾಲೆಯ ಟಾಯ್ಲೆಟ್ ಇದೆ, ಬೀಗ ಹಾಕಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ಜನ ಸಾಲಿನಲ್ಲಿ ನಿಂತು ಒಬ್ಬರಿಗೊಬ್ಬರು ಬಾಗಿಲು ಹಿಡಿದುಕೊಂಡೆವು. ಗಂಡಸರ ರಿವ್ಯೂನಲ್ಲಿ ಈ ವಿಷಯ ಒಂದು ಸಾಲೂ ಇರುವುದಿಲ್ಲ ನೋಡಿ, ಅವರಿಗೆ ಊರೆಲ್ಲ ಗೋಡೆ.

ಆರು ಗಂಟೆ ಆಯಿತು. ಮುಖ್ಯ ಅತಿಥಿ ಬಂದಿಲ್ಲ. ಆರೂ ಕಾಲಿಗೆ ಬಂದರು. ಹಾರ, ಪೇಟ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಆರೋಗ್ಯದ ಮಹತ್ವದ ಬಗ್ಗೆ ಭಾಷಣ. ಆರು ಮೂವತ್ತೈದಕ್ಕೆ ಬಾವುಟ ಬೀಸಿದರು. ಮುಂದೆ ನಿಂತ ಹುಡುಗರಿಗೆ ಮೂವತ್ತೈದು ನಿಮಿಷ ಅಂದರೆ ಸುಮ್ನೆ ಒಂದು ಕಿರಿಕಿರಿ ಅಷ್ಟೇ, ಅವರು ಎಂಟು ಗಂಟೆಗೆ ಮನೆ ಕಡೆ ಹೊರಡುತ್ತಾರೆ. ನಾನು ಎಂಟೂ ಮುಕ್ಕಾಲಿಗೆ ಮುಗಿಸಬೇಕಾದವಳು ಒಂಬತ್ತೂ ಕಾಲಿನವರೆಗೂ ಓಡಬೇಕು. ಫೆಬ್ರವರಿ ಕೊನೆಯ ಒಂಬತ್ತು ಗಂಟೆ ಬಿಸಿಲು ಮಂಡ್ಯದಲ್ಲಿ ಹೇಗಿರುತ್ತದೆ ಅಂತ ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಇಷ್ಟು ಬೈದೆನಲ್ಲ, ಈಗ ದಾರಿಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ದಾರಿ ನಿಜಕ್ಕೂ ಚಿನ್ನ. ಮೈದಾನದಿಂದ ಎರಡು ಕಿಲೋಮೀಟರ್ ಊರೊಳಗೆ, ಆಮೇಲೆ ನಾಲೆ ಏರಿ ಮೇಲೆ. ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ನೀರು ಒಂದು ಪಕ್ಕ, ಕಬ್ಬಿನ ಗದ್ದೆ ಇನ್ನೊಂದು ಪಕ್ಕ. ಏರಿ ಅಂದ ಮೇಲೆ ಏರು ತಗ್ಗು ಜಾಸ್ತಿ ಇಲ್ಲ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕಡೆ ಓಡಿ ತೊಡೆ ಹಿಡಿದುಕೊಂಡವರಿಗೆ ಇದು ಸ್ವರ್ಗ. ಮಂಜು ಇತ್ತು. ಆರನೇ ಕಿಲೋಮೀಟರ್ ಹತ್ತಿರ ಒಂದು ಆಲೆಮನೆ. ಕಬ್ಬಿನ ಹಾಲು ಕುದಿಯುವ ವಾಸನೆ ಅರ್ಧ ಕಿಲೋಮೀಟರ್ ಮುಂಚೆಯೇ ಶುರುವಾಗಿ, ದಾಟಿದ ಮೇಲೂ ಬೆನ್ನ ಹಿಂದೆ ಬರುತ್ತಿತ್ತು. ನನ್ನ ಪಕ್ಕ ಓಡುತ್ತಿದ್ದ ಬೆಂಗಳೂರಿನ ಹುಡುಗಿ "ಆಂಟಿ, ಇದು ಏನ್ ಸ್ಮೆಲ್ಲು?" ಅಂತ ಕೇಳಿದಳು. ಬೆಲ್ಲ ಮಾಡುತ್ತಿದ್ದಾರೆ ಅಂದೆ. ನಿಂತು ಫೋಟೋ ತೆಗೆದಳು, ಆಮೇಲೆ ನನ್ನನ್ನು ಹಿಂದೆ ಹಾಕಿ ಹೋದಳು. ಹೋಗಲಿ.

ಹೋಗಿ ಬರುವ ದಾರಿ. ಅಂದರೆ ಹತ್ತೂವರೆ ಕಿಲೋಮೀಟರ್ ಹೋಗಿ ಅದೇ ದಾರಿಯಲ್ಲಿ ವಾಪಸ್. ಕೆಲವರಿಗೆ ಇದು ಬೋರ್. ನನಗೆ ಇಷ್ಟ, ಯಾಕೆಂದರೆ ಗೆಲ್ಲುವವರನ್ನು ನಾನು ನೋಡುವುದು ಇಂಥ ದಾರಿಯಲ್ಲಿ ಮಾತ್ರ. ನಾನು ಏಳನೇ ಕಿಲೋಮೀಟರ್‌ನಲ್ಲಿರುವಾಗ ಮೊದಲನೆಯ ಹುಡುಗ ಎದುರಿಗೆ ಬಂದ. ಕಾಲಲ್ಲಿ ಸಾಧಾರಣ ಕ್ಯಾನ್ವಾಸ್ ಶೂ. ಅವನ ಹಿಂದೆ ಬಂದವನಿಗೆ ಕಾರ್ಬನ್ ಪ್ಲೇಟ್ ಇರುವ ದುಬಾರಿ ಶೂ. ನನಗೆ ಏನೋ ಖುಷಿಯಾಯಿತು, ಜೋರಾಗಿ ಚಪ್ಪಾಳೆ ತಟ್ಟಿದೆ.

ಈಗ ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಣ್ಣ ಓಟಗಳೆಲ್ಲ ಎಡವುವುದು ಇಲ್ಲೇ, ಅದೂ ಕೆಟ್ಟ ಮನಸ್ಸಿನಿಂದಲ್ಲ, ಲೆಕ್ಕ ತಪ್ಪಿ. 21ಕ್ಕೆ ನಾನೂರು ಜನ ಅಂತ ಮೈಕ್‌ನಲ್ಲಿ ಹೇಳಿದರು. ಒಂದೊಂದು ಟೇಬಲ್‌ಗೆ ನಾನೂರಕ್ಕೆ ಸ್ವಲ್ಪ ಮೇಲೆ ಕಪ್ ಇಟ್ಟಿದ್ದರಂತೆ. ಆದರೆ ಹೋಗಿ ಬರುವ ದಾರಿಯಲ್ಲಿ ಒಬ್ಬೊಬ್ಬರು ಅದೇ ಟೇಬಲ್ ಮುಂದೆ ಎರಡು ಸಲ ಹಾಯುತ್ತಾರೆ. ಅಲ್ಲಿಗೇ ಎಂಟುನೂರು. ಮೊದಲ ಐದು ಕಿಲೋಮೀಟರ್ ಒಳಗಿನ ಟೇಬಲ್‌ಗಳನ್ನು 10 ಕಿ.ಮೀ. ಓಡುವವರೂ ಬಳಸುತ್ತಾರೆ. ಬಿಸಿಲು ಏರಿದ ಮೇಲೆ ಒಬ್ಬರು ಎರಡು ಕಪ್ ಎತ್ತುತ್ತಾರೆ, ಒಂದು ಕುಡಿಯಲು, ಒಂದು ತಲೆಗೆ ಸುರಿದುಕೊಳ್ಳಲು. ಹೀಗೆ ಖಾಲಿಯಾಗುತ್ತಾ ಬಂದ ಟೇಬಲ್ ಮುಂದೆ ಕೊನೆಗೆ ಬಂದು ನಿಲ್ಲುವುದು ಯಾರು ಹೇಳಿ.

14ನೇ ಕಿಲೋಮೀಟರ್ ಟೇಬಲ್‌ನಲ್ಲಿ ನನಗೆ ಸಿಕ್ಕಿದ್ದು ಖಾಲಿ ಕ್ಯಾನ್ ಮತ್ತು "ಸಾರಿ ಮೇಡಂ, ಗಾಡಿ ಬರ್ತಾ ಇದೆ" ಅನ್ನುವ ಮಾತು. ಗಾಡಿ ಬರಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಹದಿನೈದು ದಾಟಿದ ಮೇಲೆ ಏರಿ ಪಕ್ಕದ ಒಂದು ಮನೆ ಮುಂದೆ ಅಜ್ಜಿಯೊಬ್ಬರು ಚೊಂಬು ಹಿಡಿದು ನಿಂತಿದ್ದರು. "ನೀರ್ ಕುಡ್ಕಂಡು ಓಗವ್ವ, ನಿಧಾನುಕ್ಕೆ ಓಗು, ಇಂದ್ಗಡೆ ಯಾರೂ ಬತ್ತಿಲ್ಲ" ಅಂದರು. ಪ್ರೀತಿಯಿಂದಲೇ ಹೇಳಿದರು. ನನಗೆ ನಗು ಬಂತು, ಅಳುವೂ ಬಂತು. ಹಿಂದೆ ನಮ್ಮ ಕಂಡಕ್ಟರ್ ಒಬ್ಬರು ಬರುತ್ತಿದ್ದಾರೆ ಅಜ್ಜಿ, ಅವರಿಗೂ ಸ್ವಲ್ಪ ಉಳಿಸಿ ಅಂದೆ. ಉಳಿಸಿದ್ದರಂತೆ, ಮಜ್ಜಿಗೆ ಬೇರೆ ಕೊಟ್ಟರಂತೆ. ನನಗೆ ಯಾಕೆ ಮಜ್ಜಿಗೆ ಕೊಡಲಿಲ್ಲ ಅಂತ ಇವತ್ತಿಗೂ ಸಣ್ಣ ಬೇಜಾರು.

ಮಜ್ಜಿಗೆ ಅಂದಾಗ ನೆನಪಾಯಿತು. ಬರೀ ನೀರು ಸಾಲದು, ಉಪ್ಪೂ ಬೇಕು. ಬೆವರಿನಲ್ಲಿ ಉಪ್ಪು ಹೋಗುತ್ತದೆ, ಎರಡೂವರೆ ಮೂರು ಗಂಟೆ ಬಿಸಿಲಲ್ಲಿ ಓಡುತ್ತಾ ಬಾಯಾರಿಕೆಗೂ ಮೀರಿ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿ ತಲೆ ತಿರುಗುವುದು, ವಾಂತಿ, ಕೆಲವೊಮ್ಮೆ ಅದಕ್ಕಿಂತ ದೊಡ್ಡ ತೊಂದರೆ. ಇದಕ್ಕೂ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ನಿಧಾನ ಓಡುವವರೇ, ಯಾಕೆಂದರೆ ನಾವು ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಹೆಚ್ಚು ಸಲ ಕುಡಿಯುತ್ತೇವೆ. ಬೆಂಗಳೂರಿನ ಪೌಡರ್ ಗೀಡರ್ ಏನೂ ಬೇಡ, ಓಆರ್‌ಎಸ್ ಪ್ಯಾಕೆಟ್ ಇಟ್ಟರೆ ಸಾಕು. ಮಂಡ್ಯದಲ್ಲಿ ಉಪ್ಪು ಹಾಕಿದ ಮಜ್ಜಿಗೆಗೆ ಬರವೇ?

17ನೇ ಕಿಲೋಮೀಟರ್‌ನಲ್ಲಿ ಮಾತ್ರ ಒಂದು ಪವಾಡ. ಅಲ್ಲೂ ಕ್ಯಾನ್ ಖಾಲಿ. ಆದರೆ ಎನ್ಎಸ್ಎಸ್ ಟೋಪಿ ಹಾಕಿದ್ದ ಒಂದು ಕಾಲೇಜು ಹುಡುಗಿ ಒಬ್ಬಳೇ ಕೂತಿದ್ದಳು, ಜೊತೆಯವರೆಲ್ಲ ತಿಂಡಿಗೆ ಹೋಗಿದ್ದರು. ತನ್ನ ಸ್ವಂತ ಬಾಟಲಿ ಕೊಟ್ಟಳು, ಜೇಬಿನಿಂದ ಎರಡು ಕಡಲೆ ಮಿಠಾಯಿ ತೆಗೆದು ಕೊಟ್ಟಳು. "ನಿಮ್ ನಂಬರ್ ಇನ್ನೂ ಟಿಕ್ ಆಗಿಲ್ಲ ಆಂಟಿ, ಅದಕ್ಕೇ ಕಾಯ್ತಾ ಇದ್ದೆ" ಅಂದಳು. ಹಾಳೆಯಲ್ಲಿ ಬರೆದುಕೊಂಡು ಒಬ್ಬೊಬ್ಬರ ನಂಬರ್ ಟಿಕ್ ಮಾಡುತ್ತಿದ್ದಳು! ಟೈಮ್ ಹಿಡಿಯುವ ಚಿಪ್ ಇದೆ, ಅದನ್ನು ಓದುವ ನೆಲದ ಮ್ಯಾಟ್ ಇದೆ, ಆದರೂ. ಇಡೀ ಓಟದಲ್ಲಿ ನಾವಿಬ್ಬರು ಇನ್ನೂ ದಾರಿಯಲ್ಲಿದ್ದೇವೆ ಅಂತ ಗೊತ್ತಿದ್ದಿದ್ದು ಅವಳೊಬ್ಬಳಿಗೇ. ನಡೆಸುವವರು ಈ ಹುಡುಗಿಯನ್ನು ಹುಡುಕಿ ಮುಂದಿನ ವರ್ಷ ಇಡೀ ಉಸ್ತುವಾರಿ ಅವಳಿಗೇ ಕೊಡಬೇಕು.

ಪೇಸರ್‌ಗಳು ಇದ್ದರು, ಎರಡೂವರೆ ಗಂಟೆವರೆಗೆ ಮಾತ್ರ. ಗೊತ್ತಿಲ್ಲದವರಿಗೆ: ಪೇಸರ್ ಅಂದರೆ ಕೈಯಲ್ಲಿ ಟೈಮ್ ಬರೆದ ಬಾವುಟ ಹಿಡಿದು ಒಂದೇ ವೇಗದಲ್ಲಿ ಓಡುವವರು, ಅವರ ಹಿಂದೆ ಗುಂಪು ಓಡುತ್ತದೆ, ಅದನ್ನು ಬಸ್ ಅನ್ನುತ್ತೇವೆ. ನಮ್ಮ ಕಂಡಕ್ಟರ್ ಪ್ರತಿ ಸಲ ಅದೇ ಜೋಕ್ ಹೊಡೆಯುತ್ತಾರೆ, "ಎಲ್ಲಾರ್ಗೂ ಬಸ್ ಐತೆ, ನಮಗೇ ಇಲ್ಲ" ಅಂತ. ಜೋಕ್ ಹಳೆಯದಾದರೂ ಮಾತು ನಿಜ. ಬಸ್ ಬೇಕಾಗಿರುವುದು ನಿಜವಾಗಿ ನಮಗೇ ಅಲ್ವಾ? ಒಂದೂವರೆ ಗಂಟೆಗೆ ಓಡುವವನಿಗೆ ತನ್ನ ವೇಗ ಗೊತ್ತಿರುತ್ತದೆ.

ಕೊನೆಯ ಎರಡು ಕಿಲೋಮೀಟರ್ ಊರೊಳಗೆ. ಅಷ್ಟರಲ್ಲಿ ರಸ್ತೆ ಬಿಟ್ಟುಬಿಟ್ಟಿದ್ದರು. ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ಓಡಿದೆ, ಸ್ಕೂಟರ್ ನಡುವೆ ಓಡಿದೆ, ಸಂತೆ ಸಾಮಾನು ಹೊತ್ತವರಿಗೆ ದಾರಿ ಬಿಟ್ಟು ಓಡಿದೆ. ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಮಾತ್ರ ಹಾರ್ನ್ ಹೊಡೆಯದೆ ನನ್ನ ಹಿಂದೆಯೇ ನಿಧಾನಕ್ಕೆ ಬಂದ, ಪಾಪ. ಮೈದಾನಕ್ಕೆ ಬಂದಾಗ 9:13. ಜನರೇಟರ್ ಆಫ್, ಮೈಕ್ ಇಲ್ಲ. ಆದರೆ ಮ್ಯಾಟ್ ಇತ್ತು, ಪೀಂ ಅಂತ ಸದ್ದಾಯಿತು. 2 ಗಂಟೆ 38 ನಿಮಿಷ. ನನ್ನ ಹಳೆಯ ಬೆಸ್ಟ್ 2:44. ಆರು ನಿಮಿಷ ಕಮ್ಮಿ! ನೀರಿಲ್ಲದೆ! ಕಣ್ಣಲ್ಲಿ ನೀರು ಬಂತು.

ಆಮೇಲೆ ವಾಚ್ ನೋಡಿದೆ. 20.6 ಕಿಲೋಮೀಟರ್.

ಹಾಫ್ ಅಂದರೆ 21.0975 ಕಿ.ಮೀ., ಮ್ಯಾರಥಾನಿನ 42.195ರ ಸರಿ ಅರ್ಧ. ನನ್ನ ವಾಚ್ ಅಗ್ಗದ್ದು, ಅದಕ್ಕೇ ಬೇರೆಯವರದ್ದೂ ನೋಡಿದೆ. ನಾಲ್ಕು ವಾಚ್, ಎಲ್ಲವೂ 20.5ರಿಂದ 20.7. ಉಸ್ತುವಾರಿ ಹುಡುಗನನ್ನು ಕೇಳಿದರೆ "ಜಿಪಿಎಸ್ ಸರಿ ತೋರ್ಸಲ್ಲ ಮೇಡಂ" ಅಂದ. ಅರ್ಧ ನಿಜ. ಜಿಪಿಎಸ್ ತಪ್ಪುತ್ತದೆ, ಆದರೆ ಸಾಮಾನ್ಯವಾಗಿ ತಪ್ಪುವುದು ಜಾಸ್ತಿ ಕಡೆಗೆ. ದಾರಿ ಅಳೆಯುವವರು ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಸಾಧ್ಯವಿರುವ ಅತಿ ಕಡಿಮೆ ಗೆರೆಯಲ್ಲಿ ಅಳೆಯುತ್ತಾರೆ. ಅದೂ ಸೈಕಲ್ ಚಕ್ರಕ್ಕೆ ಎಣಿಕೆಯ ಸಣ್ಣ ಯಂತ್ರ ಕಟ್ಟಿಕೊಂಡು. ಅದರ ಮೇಲೆ ಕಮ್ಮಿ ಬೀಳದಿರಲಿ ಅಂತ ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ, ಹಾಫ್‌ಗೆ 21 ಮೀಟರ್. ಓಡುವವರು ಯಾರೂ ಆ ಗೆರೆಯಲ್ಲೇ ಓಡುವುದಿಲ್ಲ, ನೀರಿಗೆ ಅಂತ ಆಚೆ ಹೋಗುತ್ತೇವೆ, ಯಾರನ್ನೋ ದಾಟಲು ಈಚೆ ಬರುತ್ತೇವೆ. ಹಾಗಾಗಿ ಸರಿ ಅಳೆದ ದಾರಿಯಲ್ಲಿ ವಾಚ್ ಸ್ವಲ್ಪ ಹೆಚ್ಚೇ ತೋರಿಸಬೇಕು. ಫ್ಲೈಓವರ್ ಇಲ್ಲ, ಎತ್ತರದ ಕಟ್ಟಡ ಇಲ್ಲ, ಬಟಾಬಯಲಿನ ನಾಲೆ ಏರಿ ಮೇಲೆ ನಾಲ್ಕು ವಾಚ್ ಒಟ್ಟಿಗೆ ಅರ್ಧ ಕಿಲೋಮೀಟರ್ ಕಮ್ಮಿ ತೋರಿಸಿದರೆ ದಾರಿಯೇ ಕಮ್ಮಿ. ಬೈಕ್ ಮೀಟರ್ ನೋಡಿ ಅಳೆದಿದ್ದಾರೆ ಅಂತ ನನ್ನ ಅನುಮಾನ.

ಮನೆಗೆ ಬಂದು ಲೆಕ್ಕ ಹಾಕಿದೆ. ಅದೇ ವೇಗದಲ್ಲಿ ಪೂರ್ತಿ ಓಡಿದ್ದರೆ 2:42 ಆಗುತ್ತಿತ್ತು. ಆಗಲೂ ಎರಡು ನಿಮಿಷ ಬೆಸ್ಟ್! ಆದರೆ ಯಾರಿಗೆ ಹೇಳಲಿ? "ಲೆಕ್ಕದ ಪ್ರಕಾರ" ಅಂತ ಶುರು ಮಾಡಿದರೆ ನಮ್ಮ ಮನೆಯವರೇ ನಗುತ್ತಾರೆ. ಸರ್ಟಿಫಿಕೇಟ್‌ನಲ್ಲಿ 2:38 ಅಂತ ಇದೆ, ಅದನ್ನು ನಾನು ಎಲ್ಲೂ ಹಾಕಿಲ್ಲ.

ತಿಂಡಿಗೆ ಖಾರ ಪೊಂಗಲ್, ಮದ್ದೂರು ವಡೆ ಇತ್ತಂತೆ. ನಾನು ನೋಡಿದ್ದು ತಳ ಹತ್ತಿದ ಪಾತ್ರೆ ಮಾತ್ರ. ಬೇಗ ಬಂದಿದ್ದ ನಮ್ಮ ಗುಂಪಿನ ಹುಡುಗ ನನಗೆ ಎರಡು ವಡೆ ಎತ್ತಿಟ್ಟಿದ್ದ, ದೇವರು ಅವನಿಗೆ ಒಳ್ಳೆಯದು ಮಾಡಲಿ, ಗರಿಗರಿ ಇತ್ತು. ಬಹುಮಾನದ ವಿಷಯ: ಗಂಡಸರಿಗೆ 45 ಮೇಲ್ಪಟ್ಟವರು ಅಂತ ಬೇರೆ ಬಹುಮಾನ. ಹೆಂಗಸರಿಗೆ ಇಲ್ಲ, ಎಲ್ಲರಿಗೂ ಸೇರಿ ಒಂದೇ. ಇದ್ದಿದ್ದರೆ ನನಗೆ ಮೂರನೇ ಸ್ಥಾನ ಬರುತ್ತಿತ್ತು. ನಾವಿದ್ದಿದ್ದು ಮೂರೇ ಜನ, ಅದು ಬೇರೆ ಮಾತು.

ಕಂಡಕ್ಟರ್ 9:31ಕ್ಕೆ ಬಂದರು. ಅಂದರೆ 2:56. ಕಟ್-ಆಫ್, ಅಂದರೆ ಓಟ ಮುಗಿಸಲು ಕೊಡುವ ಗಡುವು, ಮೂರು ಗಂಟೆ ಅಂತ ನಡೆಸುವವರೇ ಬರೆದಿದ್ದರು. ಆದರೆ ಮ್ಯಾಟ್ ಸುತ್ತಿಯಾಗಿತ್ತು, ಗಾಳಿ ತುಂಬಿದ ಕಮಾನು ನೆಲದ ಮೇಲೆ ಮಲಗಿತ್ತು. ಆಮೇಲೆ ಗೊತ್ತಾಯಿತು, ಶಾಮಿಯಾನದವರಿಗೆ, ಚಿಪ್‌ನವರಿಗೆ ಎಲ್ಲ ಒಂಬತ್ತು ಗಂಟೆಗೆ ಮುಗಿಯುತ್ತದೆ ಅಂತ ಹೇಳಿದ್ದರು. ಆರಕ್ಕೆ ಮೂರು ಸೇರಿಸಿದರೆ ಒಂಬತ್ತು. ಅತಿಥಿಗಳ ಮೂವತ್ತೈದು ನಿಮಿಷ ಆ ಲೆಕ್ಕಕ್ಕೆ ಬರಲೇ ಇಲ್ಲ, ಅದನ್ನು ಕೊಟ್ಟಿದ್ದು ನಮ್ಮ ಕಂಡಕ್ಟರ್. ಮೆಡಲ್ ಕೇಳಿದರೆ ಡಬ್ಬ ವ್ಯಾನ್‌ಗೆ ಹೋಯಿತು, ಕೊರಿಯರ್ ಮಾಡುತ್ತೇವೆ ಅಂದರು. "ಟಿಕೆಟ್ ತಗೊಂಡೋರ್ನ ಸ್ಟಾಪ್ ಬರೋಕ್ ಮುಂಚೆನೇ ಇಳಿಸ್ಬಿಟ್ರಲ್ಲಮ್ಮ" ಅಂತ ನಕ್ಕರು. ನಗುವಾಗ ಕಮಾನಿನ ಕಡೆ ನೋಡುತ್ತಿದ್ದರು.

ಬೇರೆ ಓಟಗಳು ಹೇಗೆ ಅಂತ ಕೇಳುತ್ತೀರಿ, ಚುಟುಕಾಗಿ ಹೇಳುತ್ತೇನೆ. ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ 10 ಕಿ.ಮೀ. ಓಟ, 2008ರಿಂದ ನಡೆಯುತ್ತಿದೆ. ಹಿಂದಿನ ದಿನ ಮಲ್ಲೇಶ್ವರದ ಅಕ್ಕನ ಮನೆಯಲ್ಲಿ ಉಳಿದು ಒಮ್ಮೆ ಓಡಿದ್ದೇನೆ, 1 ಗಂಟೆ 14 ನಿಮಿಷ. ಜನಜಂಗುಳಿ, ಮೊದಲ ಎರಡು ಕಿಲೋಮೀಟರ್ ಓಡಿದ್ದಕ್ಕಿಂತ ತಳ್ಳಾಡಿದ್ದೇ ಜಾಸ್ತಿ. ಆದರೆ ಚಿಪ್ ಟೈಮ್ ನಾವು ಗೆರೆ ದಾಟಿದ ಕ್ಷಣದಿಂದ ಶುರು, ಕೊನೆವರೆಗೂ ನೀರು ಸಿಕ್ಕಿತು, ಕೊನೆಯಲ್ಲಿ ಬಂದವಳಿಗೂ ಯಾರೋ ಗೊತ್ತಿಲ್ಲದವರು ಕೂಗಿ ಹುರಿದುಂಬಿಸಿದರು. 2025ರಲ್ಲಿ ಅಲ್ಲಿ ಗೆದ್ದ ಉಗಾಂಡಾದ ಜೋಶುವಾ ಚೆಪ್ಟೆಗೈ 10,000 ಮೀಟರ್ ವಿಶ್ವದಾಖಲೆಯವರು, 26 ನಿಮಿಷ 11 ಸೆಕೆಂಡು. ಅಷ್ಟು ಹೊತ್ತಿಗೆ ನಾನು ಮೂರೂವರೆ ಕಿಲೋಮೀಟರ್ ಮುಗಿಸಿರುತ್ತೇನೆ. ಅಂಥವರು ಓಡಿದ ರಸ್ತೆಯಲ್ಲೇ ನಾವೂ ಓಡಬಹುದು ಅನ್ನುವುದು ಬೇರೆ ಯಾವ ಆಟದಲ್ಲಿದೆ ಹೇಳಿ, ಚಿನ್ನಸ್ವಾಮಿಯಲ್ಲಿ ನನಗೆ ಬ್ಯಾಟ್ ಕೊಡುತ್ತಾರೆಯೇ?

ಕಾವೇರಿ ಟ್ರೇಲ್ ಮ್ಯಾರಥಾನ್ ನನ್ನ ಮೆಚ್ಚಿನದು. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಪಕ್ಕ, ಕಾಲುವೆ ದಾರಿ. ಟಾರಿಲ್ಲ, ಮಣ್ಣು. ಮೊಣಕಾಲಿಗೆ ಹಿತ, ಆದರೆ ಹಿಂದಿನ ದಿನ ಮಳೆ ಬಂದಿದ್ದರೆ ಶೂ ಎರಡು ಕೆ.ಜಿ. ನೆರಳು ಕೆಲವು ಕಡೆ ಇಲ್ಲವೇ ಇಲ್ಲ, ಟೋಪಿ ಮರೆಯಬೇಡಿ. ಇದೂ ಹೋಗಿ ಬರುವ ದಾರಿ, ಗದ್ದೆ, ನೀರು, ತಲೆ ಮೇಲೆ ಬೆಳ್ಳಕ್ಕಿ. ವೇಗದ ದಾಖಲೆ ಮಾಡುವ ಜಾಗ ಅಲ್ಲ, ಅದಕ್ಕೇ ನನ್ನಂಥವರಿಗೆ ಅಲ್ಲಿ ಆರಾಮ.

ಇನ್ನು ನಾಲೆ ಏರಿ ಓಟಕ್ಕೆ ಮಾರ್ಕ್ಸ್. ದಾರಿಗೆ ಐದಕ್ಕೆ ಐದು. ಆ ಎನ್ಎಸ್ಎಸ್ ಹುಡುಗಿಗೆ ಐದಕ್ಕೆ ಆರು. ವ್ಯವಸ್ಥೆಗೆ ಎರಡು, ಅದರಲ್ಲೂ ಅರ್ಧ ಮಾರ್ಕ್ ವಡೆಗೆ. ಎರಡು ಗಂಟೆಯೊಳಗೆ ಮುಗಿಸುವವರು ಕಣ್ಣು ಮುಚ್ಚಿ ಹೋಗಬಹುದು, ಅವರಿಗೆ ಇದರಲ್ಲಿ ಏನೂ ತೊಂದರೆ ಕಾಣುವುದಿಲ್ಲ. ನನ್ನ ಹಾಗೆ ಓಡುವವರು ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಕೇಳಿ: ದಾರಿ ಅಳೆದವರು ಯಾರು, ಯಾವುದರಲ್ಲಿ ಅಳೆದರು? ಕಟ್-ಆಫ್ ಬಾವುಟ ಬೀಸಿದಾಗಿನಿಂದಲೋ ಗಡಿಯಾರದಿಂದಲೋ? ವಾಪಸ್ ಬರುವಾಗಿನ ನೀರು ಬೇರೆ ಇಟ್ಟಿದ್ದೀರಾ? ಉತ್ತರ ತಡವರಿಸಿದರೆ ಸೊಂಟಕ್ಕೆ ಬಾಟಲಿ ಕಟ್ಟಿಕೊಂಡು ಹೋಗಿ. ಹೆಂಗಸರು ಟಾಯ್ಲೆಟ್ ಬಗ್ಗೆಯೂ ಕೇಳಿ, ನಾಚಿಕೊಳ್ಳಬೇಡಿ, ಕೇಳದಿದ್ದರೆ ಅವರಿಗೆ ಅದು ಹೊಳೆಯುವುದೇ ಇಲ್ಲ. ಇದನ್ನೆಲ್ಲ ನಾನು ಅವರಿಗೂ ಉದ್ದಕ್ಕೆ ಬರೆದು ಕಳಿಸಿದೆ. "ಥ್ಯಾಂಕ್ಸ್ ಮೇಡಂ, ನೆಕ್ಸ್ಟ್ ಟೈಮ್ ಪಕ್ಕಾ" ಅಂತ ಉತ್ತರ ಬಂತು, ಕೈ ಮುಗಿಯುವ ಚಿತ್ರದ ಜೊತೆ.

ಮೆಡಲ್ ಕೊರಿಯರ್ ಇನ್ನೂ ಬಂದಿಲ್ಲ. ಮೊನ್ನೆ ಮುಂದಿನ ವರ್ಷದ ರಿಜಿಸ್ಟ್ರೇಷನ್ ಶುರುವಾಗಿದೆ, ಬೇಗ ಹಾಕಿದವರಿಗೆ 100 ರೂಪಾಯಿ ಕಮ್ಮಿ ಅಂತ ಮೆಸೇಜ್ ಬಂತು. ಹಾಕಲೋ ಬೇಡವೋ ಅಂತ ನಾವೆಲ್ಲ ಗ್ರೂಪ್‌ನಲ್ಲಿ ಚರ್ಚೆ ಮಾಡುತ್ತಿದ್ದೆವು. ಮಧ್ಯದಲ್ಲಿ ಕಂಡಕ್ಟರ್ ಸರ್ ಮೆಸೇಜ್: "ನಾನ್ ಹಾಕ್ಬಿಟ್ಟೆ. ಹೋದ್ ವರ್ಷದ್ ಮೆಡಲ್ ಇಸ್ಕೊಂಡ್ ಬರ್ಬೇಕಲ್ಲ."